ಹೋಲಿಕೆಯ ಶಾಲೆ

ಜೂನ್ 9

ತಮ್ಮಾ,

ಫೋನಿನಲ್ಲಿ ನೀನು 'ಹ್ಞೂಂ', 'ಸರಿ' ಬಿಟ್ಟು ಮೂರನೆಯ ಮಾತು ಆಡುವುದಿಲ್ಲ. ಅದಕ್ಕೇ ಕಾಗದ. ಕೋಪದಲ್ಲಿ ಬರೆಯುತ್ತಿದ್ದೇನೆ, ಹಾಗೆಂದುಕೊಂಡೇ ಓದು.

ನಿನ್ನ ಸಂಸ್ಥೆಯ ಪತ್ರ ಇವತ್ತು ನಮ್ಮ ಶಾಲೆಗೆ ಬಂತು. ಹೆಡ್ ಮಾಸ್ಟರು ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ನಿಂತು ಗಟ್ಟಿಯಾಗಿ ಓದಿದರು. ಓದುತ್ತ ಓದುತ್ತ ಅವರ ದನಿ ಇಳಿಯಿತು, ನನ್ನ ತಲೆಯೂ ಇಳಿಯಿತು. ನಲವತ್ತು ಪ್ರೌಢಶಾಲೆಗಳಲ್ಲಿ ಅರ್ಧಕ್ಕೆ ನಿನ್ನ ಹೊಸ ಗಣಿತ ಬೋಧನೆಯ ತರಬೇತಿಯಂತೆ. ಉಳಿದರ್ಧ 'ಹೋಲಿಕೆಯ ಶಾಲೆ'ಗಳಂತೆ. ಅವು ಹೊಸದೇನೂ ಮಾಡದೆ ಎಂದಿನಂತೆ ಪಾಠ ಮಾಡಿಕೊಂಡಿದ್ದು, ವರ್ಷದ ಕೊನೆಗೆ ನೀವು ಕೊಡುವ ಪರೀಕ್ಷೆ ಬರೆಸಬೇಕಂತೆ. ನಮ್ಮದು ಈ ಎರಡನೆಯ ಗುಂಪಿನಲ್ಲಿ.

ನಾನು ಬೇಸಿಗೆಯುದ್ದಕ್ಕೂ ಊರೆಲ್ಲ ಡಂಗುರ ಹೊಡೆದಿದ್ದೆ. ನನ್ನ ತಮ್ಮನದೇ ಸಂಶೋಧನೆ, ನಮ್ಮ ಶಾಲೆಗೂ ಬರುತ್ತದೆ, ಮಕ್ಕಳು ಗಣಿತ ಎಂದರೆ ಓಡಿಹೋಗುವುದು ಇನ್ನು ಮುಗಿಯಿತು ಎಂದೆಲ್ಲ. ಹೆಡ್ ಮಾಸ್ಟರು ತರಬೇತಿಗೆಂದು ಹಾಲ್‌ಗೆ ಬಣ್ಣ ಬೇರೆ ಹೊಡೆಸಿದ್ದಾರೆ. ಪತ್ರ ಓದಿ ಮುಗಿದ ಮೇಲೆ ಡ್ರಾಯಿಂಗ್ ಮೇಷ್ಟ್ರು ನನ್ನ ಕಡೆ ತಿರುಗಿ, "ಏನ್ ಟೀಚರ್, ಸ್ವಂತ ತಮ್ಮನೇ ಬಡಿಸ್ತಾ ಬಂದು ನಿಮ್ಮ ತಟ್ಟೆ ಬಿಟ್ಟು ಮುಂದೆ ಹೋದನಲ್ಲ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ನನ್ನ ಮಾನದ ಮಾತು ಬಿಡು. ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳಿಗೆ ನಾವು ಇಟ್ಟಿರುವ ಹೆಸರು ಪಿಸುಮಾತು. ಹಾಜರಿಗೂ ಬಾಯಿ ತೆರೆಯುವುದಿಲ್ಲ, ಕೈ ಎತ್ತುತ್ತಾಳೆ ಅಷ್ಟೇ. ಲೆಕ್ಕ ಕೊಟ್ಟರೆ ಮಾಡುತ್ತಾಳೆ. ನಾನು ಅವಳ ಬೆಂಚಿನ ಹತ್ತಿರ ಹೋಗುವಷ್ಟರಲ್ಲಿ ಎಲ್ಲ ಅಳಿಸಿಬಿಟ್ಟಿರುತ್ತಾಳೆ. ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯೇ ತೂತು. ಸರಿಯಿದ್ದದ್ದನ್ನೂ ಅಳಿಸುತ್ತಾಳೆ ಎಂಬ ಗುಮಾನಿ ನನಗೆ. ತಪ್ಪಾದರೆ ಎಂಬ ನಾಚಿಕೆಗೇ ಮಕ್ಕಳು ಕಲಿಯುವುದಿಲ್ಲ, ನನ್ನ ಸಂಶೋಧನೆ ಅದರ ಬಗ್ಗೆಯೇ ಎಂದು ನೀನೇ ಹೇಳಿದ್ದೆಯಲ್ಲ? ತರಬೇತಿ ಬೇಡ ಬಿಡು. ಏನು ಮಾಡಬೇಕು ಎಂದು ನನಗೊಬ್ಬಳಿಗೆ ನಾಲ್ಕು ಸಾಲು ಬರೆ. ನಿನಗೆ ಮಗ್ಗಿ ಬಾಯಿಪಾಠ ಮಾಡಿಸಿದ ಋಣ ಅದರಲ್ಲಿ ತೀರಲಿ.

ನಿನ್ನ ಭಾವ ಚೆನ್ನಾಗಿದ್ದಾರೆ. ನನ್ನ ಕೋಪ ನೋಡಿ ಮಜಾ ತೆಗೆದುಕೊಳ್ಳುತ್ತಿದ್ದಾರೆ.

ಬಡಿಸುವಾಗ ತಪ್ಪಿಹೋದವಳು,
ಅಕ್ಕ

*

ಜೂನ್ 21

ಪ್ರೀತಿಯ ಅಕ್ಕಾ,

ಯಾವ ಶಾಲೆ ಯಾವ ಕಡೆ ಎಂದು ನಿರ್ಧರಿಸಿದ್ದು ನಾನಲ್ಲ. ಚೀಟಿ ಎತ್ತಿದ್ದು ಕಂಪ್ಯೂಟರ್. ನಿನ್ನ ಶಾಲೆಯ ಹೆಸರು ಆ ಕಡೆ ಬಿದ್ದಾಗ ನನಗೂ ಪಿಚ್ಚೆನಿಸಿತು. ಆದರೆ ಅಕ್ಕನ ಶಾಲೆ ಎಂದು ಈ ಕಡೆ ಎಳೆದುಕೊಂಡರೆ ಅದು ಸಂಶೋಧನೆಯಲ್ಲ, ಮನೆವ್ಯವಹಾರ.

ನೀನು ಕೇಳಿದ ನಾಲ್ಕು ಸಾಲು ಬರೆಯುವ ಹಾಗಿಲ್ಲ. ಯಾಕೆ ಎಂದು ವಿವರಿಸುತ್ತ ಕೂತರೆ ಪುಟ ಸಾಲದು. ಅದೆಲ್ಲ ಸಂಖ್ಯಾಶಾಸ್ತ್ರದ ತಲೆನೋವು, ನಿನಗೇಕೆ? ನಿಯಮ ಎಂದುಕೊಂಡು ಪಾಲಿಸು. ಹೋಲಿಕೆಯ ಶಾಲೆಗಳ ಗಣಿತ ಶಿಕ್ಷಕರು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು, ಈ ವಾರ ಬರುತ್ತದೆ. ದಯವಿಟ್ಟು ಜಗಳ ತೆಗೆಯದೆ ಹಾಕು.

ಇಷ್ಟು ಮಾತ್ರ ಹೇಳುತ್ತೇನೆ. ವರ್ಷದ ಕೊನೆಗೆ ಪರೀಕ್ಷೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಂಡರೆ, ಶಿಕ್ಷಣ ಇಲಾಖೆ ಈ ಕ್ರಮವನ್ನು ಎಲ್ಲ ಶಾಲೆಗಳಿಗೂ ತರುತ್ತದೆ. ಕಾಣದಿದ್ದರೆ ಕಡತ ಮುಚ್ಚುತ್ತಾರೆ. ನನ್ನ ಏಳೆಂಟು ವರ್ಷದ ಕೆಲಸ ಆ ಒಂದು ಪರೀಕ್ಷೆಯ ಮೇಲೆ ನಿಂತಿದೆ. ನಿನ್ನ ಹುಡುಗಿ ಒಂದು ವರ್ಷ ಕಾಯಲಿ. ಇಷ್ಟು ದಿನ ಕಾದವಳಿಗೆ ಒಂದು ವರ್ಷ ದೊಡ್ಡದಲ್ಲ.

ಭಾವನಿಗೆ ನಮಸ್ಕಾರ.

ನಿನ್ನ ತಮ್ಮ

*

ಆಗಸ್ಟ್ 17

ಮಹಾಪಂಡಿತರಾದ ತಮ್ಮನಿಗೆ,

ಸಹಿ ಹಾಕಿದ್ದೇನೆ, ಹೆದರಬೇಡ. ಕೋಪವೂ ಇಳಿದಿದೆ. ನಿನಗೆ ಒಂದು ಕಥೆ ಹೇಳಬೇಕು ಎಂದು ಕೂತಿದ್ದೇನೆ.

ಮೊನ್ನೆ ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಿ ಎಂದು ಕೊಟ್ಟೆ. ಐದರಲ್ಲಿ ಎರಡು ಎಂದು ಯಾರೋ ಬರೆದಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಕೈ ತೊಳೆದುಕೊಳ್ಳುವ ತಪ್ಪು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ನಾನು ಅದಕ್ಕೆ ಕೆಂಪು ಗೀಟು ಬಿಟ್ಟು ಬೇರೇನೂ ಕೊಟ್ಟವಳಲ್ಲ. ಅದನ್ನು ಹೆಸರು ಹೇಳದೆ ಬೋರ್ಡಿನ ಮೇಲೆ ಬರೆದೆ. ಯಾಕೆ ಹೀಗೆ ಬರೆದಿರಬಹುದು ಎಂದು ಎಲ್ಲರನ್ನೂ ಕೇಳಿದೆ. ಆಗ ಕಿಟಕಿಯ ಪಕ್ಕದಿಂದ ಒಂದು ಕೈ ಮೇಲೆದ್ದಿತು. ಪಿಸುಮಾತು!

"ಟೀಚರ್, ಅದು ನಂದು. ನಾನು ಬುಟ್ಟಿಗೆ ಚೆಂಡು ಹಾಕೋ ಆಟ ಯೋಚನೆ ಮಾಡ್ದೆ. ಎರಡು ಸಲ ಎಸೆದೆ, ಒಂದು ಬಿತ್ತು. ಆಮೇಲೆ ಮೂರು ಸಲ ಎಸೆದೆ, ಒಂದು ಬಿತ್ತು. ಒಟ್ಟು ಐದರಲ್ಲಿ ಎರಡು ತಾನೆ?"

ತಮ್ಮಾ, ನಾನು ಬೋರ್ಡಿಗೆ ಒರಗಿ ನಿಂತುಬಿಟ್ಟೆ. ಅವಳು ಹೇಳಿದ್ದು ಸರಿಯಾಗಿಯೇ ಇದೆ, ನಾನು ಕೇಳಿದ ಪ್ರಶ್ನೆಗೆ ಅಲ್ಲ ಅಷ್ಟೇ. ಹಿಂದಿನ ಬೆಂಚಿನವರು ಹಾಗಾದರೆ ಯಾವಾಗ ಹಾಗೆ, ಯಾವಾಗ ಹೀಗೆ ಎಂದು ಜಗಳಕ್ಕೇ ಬಿದ್ದರು. ಗಂಟೆ ಹೊಡೆದರೂ ಏಳಲಿಲ್ಲ. ಪಕ್ಕದ ತರಗತಿಯವರು ಗಲಾಟೆ ಎಂದು ದೂರು ಹೇಳಿದರು. ಗಣಿತದ ತರಗತಿಯಲ್ಲಿ ಗಲಾಟೆಯಂತೆ, ಕೇಳು!

ಇದೆಲ್ಲ ಹೇಗಾಯಿತು ಎಂದು ಕೇಳಬೇಡ. ಬಸ್ಸಿನಲ್ಲಿ ನಿನ್ನ ತರಬೇತಿ ಪಡೆದ ಶಾಲೆಯ ಗಣಿತದ ಟೀಚರು ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಬಲು ಗಟ್ಟಿ ಹೆಂಗಸು, ಗುಟ್ಟು ಬಿಟ್ಟುಕೊಡುವವಳಲ್ಲ. ವರ್ಷದ ಕೊನೆಗೆ ನಿನಗೊಂದು ಆಶ್ಚರ್ಯ ಕಾದಿದೆ ಎಂದು ಮಾತ್ರ ಹೇಳುತ್ತೇನೆ.

ಹೊಟ್ಟೆಯಲ್ಲಿ ಮಾತು ನಿಲ್ಲದವಳು,
ಅಕ್ಕ

*

ಅಕ್ಟೋಬರ್ 5

ಅಕ್ಕಾ,

ಉತ್ತರ ತಡವಾಯಿತು. ನಿನ್ನ ಕಾಗದವನ್ನು ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವಾಗ ಜೀಪಿನಲ್ಲಿ ಓದಿದೆ. ಹುಡುಗಿ ಬಾಯಿ ಬಿಟ್ಟಳಲ್ಲ, ಬಹಳ ಸಂತೋಷ. ನೋಡಿದೆಯಾ, ಎಂದಿನಂತೆ ಪಾಠ ಮಾಡಿದರೂ ಒಳ್ಳೆಯ ಟೀಚರ ಕೈಯಲ್ಲಿ ಮಕ್ಕಳು ಅರಳುತ್ತಾರೆ.

ಇಲ್ಲಿ ಎಲ್ಲ ಚೆನ್ನಾಗಿ ಸಾಗಿದೆ. ತರಬೇತಿಯ ಶಾಲೆಗಳಲ್ಲಿ ಮಕ್ಕಳು ಮಾತಾಡುತ್ತಿದ್ದಾರೆ. ನನಗೆ ಧೈರ್ಯ ಬರುತ್ತಿದೆ. ಅವಸರದಲ್ಲಿದ್ದೇನೆ, ಬೈಯಬೇಡ.

ತಮ್ಮ

*

ಫೆಬ್ರವರಿ 19

ಅಕ್ಕಾ,

ಯಾರಿಗೂ ಹೇಳಲಾಗದ್ದನ್ನು ನಿನಗೆ ಬರೆಯುತ್ತಿದ್ದೇನೆ. ಪರೀಕ್ಷೆಯ ಫಲಿತಾಂಶ ಬಂತು. ಎರಡು ಗುಂಪಿಗೂ ವ್ಯತ್ಯಾಸವಿಲ್ಲ. ಇದೆ ಎಂದು ಹೇಳಲು ಆಗುವಷ್ಟು ಇಲ್ಲ. ತರಬೇತಿ ಪಡೆದ ಶಾಲೆಗಳ ಮಕ್ಕಳು ಚೆನ್ನಾಗಿ ಬರೆದಿದ್ದಾರೆ, ಪಡೆಯದ ಶಾಲೆಗಳ ಮಕ್ಕಳೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಬರೆದಿದ್ದಾರೆ. ಅಂದರೆ ನನ್ನ ಕ್ರಮದಿಂದ ಏನೂ ಆಗಲಿಲ್ಲ.

ನಿನ್ನೆ ಇಲಾಖೆಯವರ ಮುಂದೆ ಇದನ್ನು ಹೇಳಬೇಕಾಯಿತು. ಗೋಡೆಯ ಮೇಲೆ ಎರಡು ಗುಂಪಿನ ಅಂಕಗಳಿಗೆ ಎರಡು ಕಂಬಗಳ ಚಿತ್ರ, ಎರಡೂ ಒಂದೇ ಎತ್ತರ. ಒಬ್ಬ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, "ಇಷ್ಟು ಜನ ಇಷ್ಟು ದಿನ ಓಡಾಡಿ ಏನೂ ಆಗೋದಿಲ್ಲ ಅಂತ ಕಂಡುಹಿಡಿದ್ರಿ. ಅಭಿನಂದನೆ!" ಎಂದರು. ಒಂದಿಬ್ಬರು ನಕ್ಕರು. ನಾನು ಗೋಡೆಯ ಮೇಲಿನ ಚಿತ್ರವನ್ನು ಅವಸರದಲ್ಲಿ ಆರಿಸಿದೆ. ತಪ್ಪು ಉತ್ತರ ಕೊಟ್ಟ ಹುಡುಗನಿಗೆ ಏನಾಗುತ್ತದೆ ಎಂದು ಏಳೆಂಟು ವರ್ಷ ಪುಟಗಟ್ಟಲೆ ಬರೆದವನು ನಾನು. ಏನಾಗುತ್ತದೆ ಎಂದು ಗೊತ್ತಾದದ್ದು ನಿನ್ನೆ.

ಮುಂದಿನ ತಿಂಗಳ ಮಧ್ಯದಲ್ಲಿ ಕೊನೆಯ ವರದಿ ಕೊಡಬೇಕು. ಆಮೇಲೆ ಕಡತ ಮುಚ್ಚುತ್ತಾರೆ. ಕ್ಯಾಂಟೀನಿಗೆ ಹೋಗುವುದು ಬಿಟ್ಟಿದ್ದೇನೆ. ಎಲ್ಲರೂ ಬಹಳ ಮೆತ್ತಗೆ ಮಾತಾಡುತ್ತಾರೆ.

ತಮ್ಮ

*

ಫೆಬ್ರವರಿ 25

ನನ್ನ ಬಂಗಾರದಂಥ ತಮ್ಮಾ,

ನಿನ್ನ ಕಾಗದ ಓದಿ ಮೊದಲು ಅತ್ತೆ, ಆಮೇಲೆ ನಕ್ಕೆ. ಯಾರಾದರೂ ನಿನ್ನ ಕ್ರಮದಿಂದ ಏನೂ ಆಗುವುದಿಲ್ಲ ಎಂದರೆ ಅವರ ಕಿವಿ ಹಿಡಿದು ನಮ್ಮೂರಿಗೆ ಕರೆದುಕೊಂಡು ಬಾ. ಇನ್ನು ಗುಟ್ಟು ಇಟ್ಟುಕೊಳ್ಳುವುದಿಲ್ಲ.

ನಿನ್ನ ಕ್ರಮ ನಮ್ಮ ಶಾಲೆಯಲ್ಲಿ ಜುಲೈನಿಂದಲೇ ನಡೆದಿದೆ! ಬಸ್ಸಿನ ಗೆಳತಿಯ ಬೆನ್ನು ಬಿದ್ದು ಎಲ್ಲ ಕೇಳಿ ತಿಳಿದುಕೊಂಡೆ. ಸರಿ ಉತ್ತರ ಮೊದಲು ಹೇಳಬಾರದು. ಒಂದು ತಪ್ಪು ಉತ್ತರ ಆರಿಸಿ ಹೆಸರಿಲ್ಲದೆ ಬೋರ್ಡಿಗೆ ಹಾಕಬೇಕು. ಬುದ್ಧಿಯಿರುವವರು ಯಾಕೆ ಹೀಗೆ ಯೋಚಿಸಬಹುದು ಎಂದು ಎಲ್ಲರೂ ಹುಡುಕಬೇಕು. ಬೇಕೆನಿಸಿದರೆ ಮಾತ್ರ ಬರೆದವರು ಕೈ ಎತ್ತಬೇಕು. ಇಷ್ಟು ಚಿಕ್ಕ ವಿಷಯ, ಇಷ್ಟು ದೊಡ್ಡ ವಿಷಯ! ಆ ಬಸ್ಸಿನಲ್ಲಿ ನಮ್ಮ ರಸ್ತೆಯ ಹತ್ತು ಹನ್ನೆರಡು ಶಾಲೆಗಳ ಗಣಿತದವರು ಓಡಾಡುತ್ತೇವೆ. ಆ ಗೆಳತಿಯೊಬ್ಬಳನ್ನು ಬಿಟ್ಟರೆ ಎಲ್ಲರದೂ ಹೋಲಿಕೆಯ ಶಾಲೆ, ಎಲ್ಲರಿಗೂ ತಟ್ಟೆ ಬಿಟ್ಟುಹೋದ ಹೊಟ್ಟೆಯುರಿ. ನಾನು ಅವರಿಗೆಲ್ಲ ಕಲಿಸಿದೆ. ಕಂಡಕ್ಟರು, "ಮೇಡಂ, ನಿಮ್ಮ ಸ್ಟಾಪ್ ಬಂತು, ಭಿನ್ನರಾಶಿ ನಾಳೆ ಮುಂದುವರಿಸಿ" ಎನ್ನುತ್ತಿದ್ದ.

ಸಹಿ ಹಾಕಿದ್ದು ಮರೆತಿಲ್ಲ. ನಿಯಮ ಮುರಿದೆ, ಬೈದುಕೋ. ಆದರೆ ನಿನ್ನ ಪರೀಕ್ಷೆ ಬಂದಾಗ ನಮ್ಮ ಮಕ್ಕಳು ಎಷ್ಟು ಚೆನ್ನಾಗಿ ಬರೆದರು ಗೊತ್ತೇ? ನನ್ನ ತಮ್ಮನ ಪರೀಕ್ಷೆ, ನನ್ನ ಮಕ್ಕಳಿಂದ ಅವನ ಮರ್ಯಾದೆ ಹೋಗಬಾರದು ಎಂದುಕೊಂಡೆ. ಒಳ್ಳೆಯ ಅಂಕ ಎಲ್ಲಿಂದ ಬಂದರೂ ನಿನಗೇ ಕೀರ್ತಿಯಲ್ಲವೇ? ಇದನ್ನು ಆ ಕನ್ನಡಕದ ಅಧಿಕಾರಿಗೆ ಹೇಳು.

ನಿನ್ನ ಕಡೆಯವಳು,
ಅಕ್ಕ

*

ಮಾರ್ಚ್ 3

ಅಕ್ಕಾ,

ನಿನ್ನ ಕಾಗದವನ್ನು ಮೂರು ದಿನದಿಂದ ಇಟ್ಟುಕೊಂಡಿದ್ದೇನೆ. ಬೈಯದೆ ಬರೆಯಲು ಆಗುತ್ತದೆಯೋ ಎಂದು ಕಾದೆ. ಆಗುವುದಿಲ್ಲ.

ನೀನು ನನ್ನನ್ನು ಮುಳುಗಿಸಿದೆ. ಔಷಧಿ ಕೊಟ್ಟವರನ್ನೂ ಕೊಡದವರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡುವುದೇ ಈ ಇಡೀ ಕೆಲಸ. ಕೊಡದವರಿಗೆ ನೀನು ಹಿತ್ತಲ ಬಾಗಿಲಿನಿಂದ ಅದೇ ಔಷಧಿ ಕುಡಿಸಿದೆ, ಅವರೂ ಗುಣವಾದರು. ಹೊರಗಿನಿಂದ ನೋಡಿದವರು ಔಷಧಿಯಿಂದ ಏನೂ ಆಗಲಿಲ್ಲ ಎಂದರು. ನಿನ್ನ ಮಕ್ಕಳು ಪಡೆದ ಒಂದೊಂದು ಅಂಕವೂ ನನ್ನ ವಿರುದ್ಧ ಹೋಗಿದೆ. ನಿನ್ನ ಬಸ್ಸಿನ ಶಾಲೆಗಳೆಲ್ಲ ಸೇರಿ ಆ ಕಂಬವನ್ನು ಎತ್ತಿ ನಿಲ್ಲಿಸಿದವು. ಎಲ್ಲ ಮಣ್ಣುಪಾಲಾಯಿತು. ಗಣಿತ ಕಲಿಸುವವಳು ನೀನು, ಸರಾಸರಿ ಎಂದರೇನು ಎಂದು ನಾನು ನಿನಗೆ ಹೇಳಬೇಕೇ?

ಈಗ ನನಗೆ ಎರಡೇ ದಾರಿ. ನಡೆದದ್ದನ್ನು ವರದಿಯಲ್ಲಿ ಬರೆದರೆ ನಿನ್ನ ಹೆಸರು ಬರುತ್ತದೆ, ಸಹಿ ಹಾಕಿ ಮೋಸ ಮಾಡಿದ ಶಿಕ್ಷಕಿ ಎಂದು. ನಿಮ್ಮ ಹೆಡ್ ಮಾಸ್ಟರು ನಿವೃತ್ತರಾದ ಮೇಲೆ ಆ ಕುರ್ಚಿ ನಿನಗೆ ಬರುವ ಮಾತಿದೆ, ಅದು ಹೋಗುತ್ತದೆ. ಬರೆಯದಿದ್ದರೆ ಕೆಲಸ ಮಾಡುವ ಒಂದು ಕ್ರಮವನ್ನು ನಾನೇ ಕೈಯಾರೆ ಹೂಳಬೇಕು. ನಿನ್ನ ಪಿಸುಮಾತಿನಂಥವರು ಊರೂರಿನಲ್ಲಿ ಹಾಳೆ ತೂತು ಮಾಡುತ್ತ ಕೂತಿರಲಿ ಎಂದು ಬಿಡಬೇಕು.

ಸದ್ಯಕ್ಕೆ ಕಾಗದ ಬರೆಯಬೇಡ.

ತಮ್ಮ

*

ಮಾರ್ಚ್ 14

ತಮ್ಮಾ,

ಬರೆಯಬೇಡ ಎಂದಿದ್ದೆ. ಬರೆಯಲೇಬೇಕಾಗಿದೆ.

ನಿನ್ನ ಕಾಗದ ಮೊದಲ ಸಲ ಓದಿದಾಗ ಅರ್ಥವಾಗಲಿಲ್ಲ ಎಂದು ನಟಿಸಿದೆ. ನಿನ್ನ ಭಾವನ ಕೈಗೆ ಕೊಟ್ಟೆ. ಅವರು ಓದಿ, "ಓಟದ ಪಂದ್ಯದಲ್ಲಿ ಬರಿಗಾಲವರೂ ಅದೇ ಬೂಟು ಹಾಕ್ಕೊಂಡು ಓಡಿಬಿಟ್ರೆ, ಬೂಟು ಒಳ್ಳೇದಾ ಕೆಟ್ಟದ್ದಾ ಅಂತ ಹೇಗೆ ಗೊತ್ತಾಗ್ಬೇಕು?" ಎಂದರು. ಬೈಯಲಿಲ್ಲ. ಎದ್ದು ಹೋಗಿ ಹೂಕುಂಡಗಳಿಗೆ ನೀರು ಹಾಕಿದರು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಗೊತ್ತಿರಲಿಲ್ಲ ಎಂದು ನಿನಗೆ ಹೇಳಿದರೆ ಅರ್ಧ ಸುಳ್ಳು. ಒಂದು ಸಲ, ನವೆಂಬರಿನಲ್ಲಿ, ಬಸ್ಸಿನ ಗೆಳತಿ ಕೇಳಿದ್ದಳು: "ಇದರಿಂದ ನಿಮ್ಮ ತಮ್ಮನಿಗೆ ತೊಂದರೆ ಆಗಲ್ವಾ?" ನನಗೆ ಒಳಗೆಲ್ಲೋ ಚುಳ್ಳೆಂದಿತು. ಆದರೆ ಆವತ್ತು ಪಿಸುಮಾತು ಬೋರ್ಡಿನ ಹತ್ತಿರ ಬಂದು ತನ್ನ ತಪ್ಪನ್ನು ತಾನೇ ಬರೆದು, ಚಾಕ್ ಹಿಡಿದ ಕೈಯನ್ನು ಸೊಂಟಕ್ಕಿಟ್ಟು, "ಈಗ ಹೇಳಿ, ಯಾಕೆ ಹೀಗೆ ಅಂದ್ಕೊಂಡೆ?" ಎಂದು ಥೇಟ್ ನನ್ನ ಹಾಗೆ ಕೇಳಿದ್ದಳು. ಎದೆ ಉಬ್ಬಿಹೋಗಿತ್ತು. ಆ ಉಬ್ಬಿದ ಎದೆಯಲ್ಲಿ ಚುಳ್ಳೆಂದದ್ದು ಅಡಗಿಹೋಯಿತು. ನಿನಗಾಗಿ ಮಾಡಿದೆ ಎಂದು ಬರೆದಿದ್ದೆನಲ್ಲ, ಅದೂ ಪೂರ್ತಿ ನಿಜವಲ್ಲ. ಡ್ರಾಯಿಂಗ್ ಮೇಷ್ಟ್ರ ಮುಂದೆ ಗೆಲ್ಲಬೇಕಿತ್ತು ನನಗೆ. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತಿದೆ.

ಇವತ್ತು ಬೆಳಿಗ್ಗೆ ಹೆಡ್ ಮಾಸ್ಟರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಪೇಪರ್‌ವೇಟ್ ಪಕ್ಕಕ್ಕೆ ಸರಿಸಿ, "ಟೀಚರ್, ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತಿಲ್ಲ ಅಂತ ನಾನೂ ಇರ್ತಿದ್ದೆ" ಎಂದರು. ನನ್ನ ತರಗತಿಯಿಂದ ಬರುತ್ತಿದ್ದ ಗಲಾಟೆ ಅವರಿಗೆ ವರ್ಷವಿಡೀ ಕೇಳಿಸಿತ್ತಲ್ಲ. ಆಮೇಲೆ ನಾನು ಬರೆದ ತಪ್ಪೊಪ್ಪಿಗೆಗೆ ಅವರೂ ಸಹಿ ಹಾಕಿದರು. ನಿಮ್ಮ ಸಂಸ್ಥೆಯ ನಿರ್ದೇಶಕಿಯ ಹೆಸರಿಗೆ ಮಧ್ಯಾಹ್ನವೇ ಕಳಿಸಿದ್ದೇನೆ. ನಮ್ಮ ರಸ್ತೆಯ ಶಾಲೆಗಳ ಅಂಕ ಲೆಕ್ಕಕ್ಕೆ ಹಿಡಿಯಬೇಡಿ, ತಪ್ಪು ನನ್ನದು, ನನ್ನ ತಮ್ಮನಿಗೆ ಫೆಬ್ರವರಿಯಲ್ಲಿ ನಾನೇ ತಿಳಿಸಿದೆ ಎಂದು ಬರೆದಿದ್ದೇನೆ. ಇನ್ನು ನೀನು ಯಾವ ದಾರಿಯನ್ನೂ ಆರಿಸಬೇಕಾಗಿಲ್ಲ. ಕುರ್ಚಿಯ ಆಸೆ ಬಿಟ್ಟಿದ್ದೇನೆ.

ಕ್ಷಮಿಸು ಎಂದು ಕೇಳುವ ಮುಖವಿಲ್ಲ.

ಅಕ್ಕ

*

ಮಾರ್ಚ್ 14

ಅಕ್ಕಾ,

ಕೋಪದಲ್ಲಿ ಬರೆದ ಕಾಗದವನ್ನು ಮರೆತುಬಿಡು. ತಪ್ಪಿನ ಬುಡ ನನ್ನಲ್ಲೇ ಇದೆ. ಇಪ್ಪತ್ತು ಶಾಲೆಗಳ ಮೇಷ್ಟ್ರುಗಳಿಗೆ ಕಲಿಸುವುದು ಹೇಗೆಂದು ಹೇಳಿಕೊಡಲು ಹೊರಟವನು, ಯಾಕೆ ಎಂದು ಕೇಳಿದ ಅಕ್ಕನಿಗೆ 'ನಿನಗೇಕೆ, ನಿಯಮ ಎಂದುಕೊಂಡು ಪಾಲಿಸು' ಎಂದು ಬರೆದೆ. ಒಂದು ಪುಟ ಬಿಡಿಸಿ ಬರೆದಿದ್ದರೆ ಸಾಕಿತ್ತು. ಆಗಸ್ಟಿನಲ್ಲಿ ನೀನು ಎಲ್ಲವನ್ನೂ ಬರೆದಿದ್ದೆ, ಹೆಸರಿಲ್ಲದೆ ಬೋರ್ಡಿಗೆ ಹಾಕಿದೆ ಎಂದು ಕೂಡ. ಅದು ನನ್ನದೇ ಕ್ರಮ. ಜೀಪಿನಲ್ಲಿ ಕೂತು ಓದಿ ಮಡಚಿಟ್ಟೆ, ಗುರುತು ಹಿಡಿಯಲಿಲ್ಲ.

ಇವತ್ತು ವರದಿ ಕೊಟ್ಟೆ. ನಿನ್ನ ಶಾಲೆಯ ಬಗ್ಗೆ ಒಂದಕ್ಷರ ಬರೆದಿಲ್ಲ. ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ, ಕಾರಣ ತಿಳಿದುಬಂದಿಲ್ಲ ಎಂದು ಬರೆದು ಸಹಿ ಹಾಕಿದೆ. ಇಷ್ಟು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು. ನಿನ್ನ ಹೆಸರು ಬರೆಯಲು ಕೈ ಏಳಲಿಲ್ಲ ಅಕ್ಕಾ. ಮಕ್ಕಳ ಪಾಲಿನದನ್ನು ಕೊಟ್ಟು ಮನೆಯವಳ ಮಾನ ಉಳಿಸಿಕೊಂಡೆ ಎಂದು ಗೊತ್ತಿದೆ. ನಾಚಿಕೆಯಾಗುತ್ತಿದೆ. ಆದರೆ ಮುಗಿಯಿತು. ನೀನು ಸುಮ್ಮನಿದ್ದರೆ ಸಾಕು, ಯಾರಿಗೂ ತಿಳಿಯುವುದಿಲ್ಲ.

ನಿನ್ನ ತಮ್ಮ

*

ಮಾರ್ಚ್ 29

ಅಕ್ಕಾ,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನಿನ್ನದು ನನ್ನ ಕೈಗೆ ಬರುವ ಮೊದಲೇ ನಿರ್ದೇಶಕಿ ಕರೆದರು. ಮೇಜಿನ ಮೇಲೆ ಎಡಕ್ಕೆ ನನ್ನ ವರದಿ, ಬಲಕ್ಕೆ ನಿನ್ನ ತಪ್ಪೊಪ್ಪಿಗೆ. ನಿನ್ನ ಅಕ್ಷರ ದೂರದಿಂದಲೇ ಗೊತ್ತಾಯಿತು.

"ವರದಿ ಬರೆಯೋವಾಗ ಇದು ನಿಮಗೆ ಗೊತ್ತಿತ್ತಾ?" ಎಂದರು. ದನಿ ಏರಿಸಲಿಲ್ಲ.

"ಗೊತ್ತಿತ್ತು."

"ನಿಮ್ಮ ಅಕ್ಕನ ಮೇಲೆ ನನಗೆ ಕೋಪ ಇಲ್ಲ. ಅವರು ಮಕ್ಕಳನ್ನ ನೋಡಿ ತಪ್ಪಿದ್ರು. ನೀವು?" ಎಂದರು. ನಾನು ನೋಡಿದ್ದು ನಿನ್ನನ್ನು ಮಾತ್ರ ಎಂದು ಹೇಳಬೇಕೆನಿಸಿತು, ಆದರೆ ಆ ಕೋಣೆಯಲ್ಲಿ ಅದು ಸಣ್ಣ ಮಾತಾಗಿ ಕೇಳಿಸುತ್ತಿತ್ತು.

ಸಂಶೋಧನೆಯಿಂದ ನನ್ನನ್ನು ತೆಗೆದಿದ್ದಾರೆ. ಈಗ ಪ್ರಶ್ನೆಪತ್ರಿಕೆಗಳನ್ನು ಕಟ್ಟುಕಟ್ಟಿ ಶಾಲೆಗಳಿಗೆ ಕಳಿಸುವ ಕೋಣೆಯಲ್ಲಿ ನನ್ನ ಮೇಜು. ನನ್ನ ಕೆಳಗೆ ಲೆಕ್ಕ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಈಗ ಮುಖ್ಯಸ್ಥೆ. ಎದುರಾದಾಗ ಅವಳೇ ಕಣ್ಣು ತಪ್ಪಿಸುತ್ತಾಳೆ, ಪಾಪ.

ಕ್ರಮ ಸತ್ತಿಲ್ಲ. ನಿನ್ನ ತಪ್ಪೊಪ್ಪಿಗೆ ಓದಿ ಇಲಾಖೆ ಇನ್ನೊಂದು ವರ್ಷ ಕೊಟ್ಟಿದೆ. ಜೂನ್‌ನಲ್ಲಿ ಎಂಟನೆಯ ತರಗತಿಗೆ ಬರುವ ಹೊಸ ಮಕ್ಕಳೊಂದಿಗೆ ಮೊದಲಿನಿಂದ ಶುರು. ಆದರೆ ನಿಮ್ಮ ರಸ್ತೆಯ ಶಾಲೆಗಳನ್ನು ಕೈಬಿಟ್ಟರೆ ಹೋಲಿಸಲು ಸಾಕಷ್ಟು ಶಾಲೆ ಉಳಿಯುವುದಿಲ್ಲ. ಹಾಗಾಗಿ ನೀವೆಲ್ಲ ಮತ್ತೆ ಹೋಲಿಕೆಯ ಶಾಲೆಗಳೇ. ಎಂಟನೆಯವರಿಗೆ ಪೂರ್ತಿ ಹಳೆಯ ರೀತಿಯಲ್ಲೇ ಪಾಠ ಮಾಡಬೇಕು. ವೀಕ್ಷಕರು ಹೇಳದೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ವರ್ಷ ಮುಗಿಯುವವರೆಗೆ ಮಕ್ಕಳಿಗೂ ಏನೂ ಹೇಳಬಾರದು.

ನಿನ್ನಿಂದ ಆಗದು ಎನಿಸಿದರೆ ಈಗಲೇ ಹೇಳು. ಈ ಸಲ ಯಾಕೆ ಎಂದು ಬಿಡಿಸಿ ಬರೆದಿದ್ದೇನೆ.

ತಮ್ಮ

*

ಏಪ್ರಿಲ್ 8

ತಮ್ಮಾ,

ನಿನ್ನನ್ನು ಉಳಿಸುತ್ತೇನೆ ಎಂದು ಹೋಗಿ ನಿನ್ನ ಸುಳ್ಳನ್ನು ನಾನೇ ಬೀದಿಗೆ ತಂದೆ. ನೀನು ನನ್ನನ್ನು ಉಳಿಸುತ್ತೀ ಎಂದು ನನಗೆ ಹೊಳೆಯಲೇ ಇಲ್ಲ. ಚಿಕ್ಕವನಿದ್ದಾಗ ನಾನು ಒಡೆದ ಕನ್ನಡಿಗೆ ನೀನು ಏಟು ತಿಂದವನು, ಹೊಳೆಯಬೇಕಿತ್ತು.

ಸಹಿ ಹಾಕಿ ಕಳಿಸಿದ್ದೇನೆ. ಬಸ್ಸಿನಲ್ಲಿ ಎಲ್ಲರಿಗೂ ವಿಷಯ ಹೇಳಿದೆ. ಒಬ್ಬಳು ಅತ್ತಳು. ಇನ್ನೊಬ್ಬರು ನನ್ನ ಮುಖ ನೋಡದೆ ಹಿಂದಿನ ಸೀಟಿಗೆ ಹೋಗಿ ಕೂತರು. ಅವರಿಗೂ ಇಲಾಖೆಯಿಂದ ನೋಟಿಸ್ ಬಂದಿದೆ. ಹೊಸ ಹೆಡ್ ಮಾಸ್ಟರು ಬೇರೆ ಊರಿನಿಂದ ಬರುತ್ತಾರಂತೆ. ಡ್ರಾಯಿಂಗ್ ಮೇಷ್ಟ್ರು ಈಗ ನನ್ನ ಬಗ್ಗೆ ಜೋಕ್ ಮಾಡುವುದಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಹೊಸ ಮಕ್ಕಳಿಗೆ ಈ ಕ್ರಮದ ರುಚಿ ಗೊತ್ತಿಲ್ಲ, ಅವರ ಮುಂದೆ ಹಳೆಯ ಪಾಠ ಮಾಡುವುದು ಕಷ್ಟವಲ್ಲ. ಒಂದೇ ಚಿಂತೆ. ಪಿಸುಮಾತು ಜ್ವರ ಬಂದು ಆಸ್ಪತ್ರೆ ಸೇರಿ ವಾರ್ಷಿಕ ಪರೀಕ್ಷೆ ಬರೆಯಲಿಲ್ಲ. ಅವಳು ಮತ್ತೆ ಎಂಟರಲ್ಲೇ ಕೂರಬೇಕು, ನನ್ನ ಎದುರಿಗೆ.

ಅಕ್ಕ

*

ಜೂನ್ 27

ಅಕ್ಕಾ,

ವೀಕ್ಷಕರ ಮೊದಲ ಹಾಳೆಗಳು ನನ್ನ ಕೋಣೆಯ ಮೂಲಕವೇ ಹೋದವು. ನಿನ್ನ ತರಗತಿಯ ಮುಂದೆ 'ಪಾಠ ಎಂದಿನ ರೀತಿಯಲ್ಲಿ ನಡೆಯಿತು, ತೃಪ್ತಿಕರ' ಎಂದಿದೆ. ಅಷ್ಟೇ ಅಲ್ಲ ಎಂದು ನನಗೆ ಗೊತ್ತು. ಏನಾಯಿತು, ಬರೆಯುತ್ತೀಯಾ? ನನ್ನನ್ನು ಉಳಿಸದೆ ಬರೆ.

ತಮ್ಮ

*

ಜುಲೈ 4

ತಮ್ಮಾ,

ಕೇಳಿದ್ದೀಯ, ಬರೆಯುತ್ತೇನೆ.

ವೀಕ್ಷಕಿ ಬಂದದ್ದು ಎರಡನೆಯ ಅವಧಿಗೆ. ಸೌಮ್ಯವಾದ ಹೆಂಗಸು, ಹಿಂದೆ ಕೂತು ತೊಡೆಯ ಮೇಲೆ ಹಾಳೆ ಇಟ್ಟುಕೊಂಡಳು. ಚೌಕದ ಬದಿ ಎರಡು ಪಟ್ಟಾದರೆ ವಿಸ್ತೀರ್ಣ ಎಷ್ಟು ಪಟ್ಟು ಎಂದು ಕೇಳಿದೆ. ಹೊಸ ಮಕ್ಕಳು ತಲೆ ತಗ್ಗಿಸಿ ಕೂತರು, ಮಕ್ಕಳು ಎಂದೂ ಕೂರುವ ಹಾಗೆ. ಪಿಸುಮಾತು ಬರೆದು ಮುಗಿಸಿ ಕೈ ಎತ್ತಿದಳು. ಅವಳು ಈಗ ಪಿಸುಮಾತಲ್ಲ, ದನಿ ಗೋಡೆಗೆ ತಾಗುತ್ತದೆ.

"ಟೀಚರ್, ನಂದು ತಪ್ಪಾಗಿದೆ ಅನ್ಸುತ್ತೆ. ಹೇಳ್ಲಾ?"

ಹೊಸ ಮಕ್ಕಳು ಅವಳ ಕಡೆ ತಿರುಗಿದರು. ಒಬ್ಬ ಕಿಸಕ್ಕೆಂದ. ಅವಳು ಅವನ ಕಡೆ ನೋಡಲೂ ಇಲ್ಲ, ನನ್ನನ್ನೇ ನೋಡುತ್ತಿದ್ದಳು. ಈಗ ಟೀಚರು ಇವನಿಗೆ ಸರಿಯಾಗಿ ತೋರಿಸುತ್ತಾರೆ ಎಂಬ ಹಾಗೆ ಮುಖದಲ್ಲಿ ನಗು.

"ಬೇಡ, ಕೂತ್ಕೋ. ಸರಿ ಉತ್ತರ ನಾಲ್ಕು ಪಟ್ಟು. ಎಲ್ಲರೂ ಬರ್ಕೊಳ್ಳಿ," ಎಂದೆ.

ಕೂತಳು. ವೀಕ್ಷಕಿ ಏನೋ ಬರೆದುಕೊಂಡಳು. ಉಳಿದ ಪಾಠ ಚೆನ್ನಾಗಿಯೇ ಆಯಿತು. ನನ್ನ ಕೈ ಬೋರ್ಡಿನ ಮೇಲೆ ತಾನಾಗಿ ಬರೆಯುತ್ತಿತ್ತು, ಇಷ್ಟು ವರ್ಷದ ಅಭ್ಯಾಸ. ಎಷ್ಟು ಸಲೀಸಾಗಿ ಹಳೆಯದಕ್ಕೆ ವಾಪಸ್ಸಾದೆ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಈ ಸಲ ನಿನ್ನ ಫಲಿತಾಂಶ ಬರಬೇಕು, ತಮ್ಮಾ. ನಿನ್ನ ಹೆಸರಿಗೆ ಅಲ್ಲದಿದ್ದರೂ ಬರಬೇಕು. ನನ್ನ ಮಕ್ಕಳು ಹಿಂದೆ ಬಿದ್ದು ಬೇರೆಯವರು ಮುಂದೆ ಹೋಗಬೇಕು ಎಂದು ದಿನಾ ಬೆಳಿಗ್ಗೆ ಬಯಸಿಕೊಂಡು ತರಗತಿಗೆ ಹೋಗುತ್ತೇನೆ. ಟೀಚರು ಬಯಸುವಂಥದ್ದೇ ಇದು?

ಗಂಟೆ ಹೊಡೆದ ಮೇಲೆ ಎಲ್ಲರೂ ಆಟಕ್ಕೆ ಓಡಿದರು. ಅವಳು ಪುಸ್ತಕ ಎದೆಗೆ ಒತ್ತಿಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಬಹಳ ಮೆಲ್ಲಗೆ, ಹೋದ ವರ್ಷದ ದನಿಯಲ್ಲಿ ಕೇಳಿದಳು:

"ಈ ಸಲ ನನ್ನ ತಪ್ಪಲ್ಲಿ ಬುದ್ಧಿ ಇರ್ಲಿಲ್ವಾ ಟೀಚರ್?"

ಉತ್ತರ ನನಗೆ ಗೊತ್ತಿತ್ತು. ಹೇಳುವುದಿಲ್ಲ ಎಂದು ಸಹಿ ಹಾಕಿದ್ದೆ. "ಆಟಕ್ಕೆ ಹೋಗು," ಎಂದೆ, ಹೋದಳು.

ನಿನ್ನ ಅಕ್ಕ